ಮೂರೂವರೆ ಗಂಟೆಯ ಅಡುಗೆಮನೆ

ಅಕ್ಕ ನನ್ನ ಹತ್ತಿರ ಬಂದದ್ದು ಶುಗರಿನ ಹೆದರಿಕೆಯಿಂದ. 2023ರ ಜೂನ್ ಕೊನೆ, ಜೋರು ಮಳೆ. ರಕ್ತ ಪರೀಕ್ಷೆಯ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದರು. ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರಿನ ಲೆಕ್ಕ, 6.1 ಇತ್ತು. 5.7ರಿಂದ 6.4ರ ನಡುವೆ ಇದ್ದರೆ ಶುಗರು ಇನ್ನೂ ಬಂದಿಲ್ಲ, ಆದರೆ ಬಾಗಿಲಲ್ಲಿ ನಿಂತಿದೆ ಅಂತ ಲೆಕ್ಕ. ಥೈರಾಯ್ಡ್ ಸರಿ ಇತ್ತು. ಮೂರು ವರ್ಷದಲ್ಲಿ ತೂಕ 14 ಕಿಲೋ ಏರಿತ್ತು. ತೋರಿಸಿದ ಡಾಕ್ಟರು "ಬಾಯಿ ಸ್ವಲ್ಪ ಕಟ್ಟಿ" ಅಂದಿದ್ದರಂತೆ. ಅದನ್ನು ಹೇಳುವಾಗ ಅಕ್ಕ ನನ್ನ ಮುಖ ನೋಡಲಿಲ್ಲ. ಮೂಲೆಯಲ್ಲಿಟ್ಟ ಕೊಡೆಯಿಂದ ನೆಲಕ್ಕೆ ಇಳಿಯುತ್ತಿದ್ದ ನೀರನ್ನೇ ನೋಡುತ್ತಿದ್ದರು.

ನಾನು ಕಾಸರಗೋಡು ಪೇಟೆಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಆಪ್ತಸಲಹೆಗಾರ್ತಿ. ವಾರಕ್ಕೊಮ್ಮೆ ಮನೋವೈದ್ಯರು ಬರುತ್ತಾರೆ, ಉಳಿದ ದಿನ ನಾವು ಇಬ್ಬರು ಇರುತ್ತೇವೆ. ಈ ಪ್ರಕರಣ ಬರೆಯಲು ಅಕ್ಕ ಒಪ್ಪಿದ್ದಾರೆ, ಬರೆದದ್ದನ್ನು ಓದಿಯೂ ನೋಡಿದ್ದಾರೆ. ಗುರುತು ಸಿಗುವ ಕೆಲವು ವಿವರ ಬದಲಿಸಿದ್ದೇನೆ. ಹೆಸರಿನ ಬದಲು ಅಕ್ಕ ಅಂತಲೇ ಬರೆಯುತ್ತೇನೆ, ಎದುರಿಗೂ ನಾನು ಹಾಗೇ ಕರೆಯುವುದು.

ಬದಿಯಡ್ಕ ಕಡೆಯ ಅಡಿಕೆ ತೋಟದ ಮನೆ. ವಯಸ್ಸು 38. ಹುಟ್ಟಿದ್ದು ಗಡಿಯ ಆಚೆ, ವಿಟ್ಲದ ಹತ್ತಿರ. ಬಿಎಡ್ ಮಾಡಿ ಎರಡು ವರ್ಷ ಅಲ್ಲಿನ ಶಾಲೆಯಲ್ಲಿ ಕನ್ನಡ ಕಲಿಸಿದ್ದರು. ಮದುವೆಯಾಗಿ ಈ ಕಡೆ ಬಂದ ಮೇಲೆ, ಆ ರಾಜ್ಯದ ಪ್ರಮಾಣಪತ್ರ ಈ ರಾಜ್ಯದಲ್ಲಿ ನಡೆಯಬೇಕಾದರೆ ಮಾಡಬೇಕಾದ ಓಡಾಟ, ಬರೆಯಬೇಕಾದ ಪರೀಕ್ಷೆ, ಅಷ್ಟರಲ್ಲಿ ಮೊದಲ ಮಗು, ಹೀಗೆ ಕೆಲಸದ ಮಾತು ಹಿಂದೆ ಬಿತ್ತು. ಯಾರೂ ಬೇಡ ಅನ್ನಲಿಲ್ಲ. ಯಾರೂ ಮತ್ತೆ ಕೇಳಲೂ ಇಲ್ಲ. ಈಗ ಮನೆಯಲ್ಲಿ ಗಂಡ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ಅತ್ತೆ.

ಮೊದಲ ದಿನ ಅವರು ತಿನ್ನುವ ವಿಷಯ ಎತ್ತಲೇ ಇಲ್ಲ. ನಿದ್ದೆ ಇಲ್ಲ, ಸುಸ್ತು, ಮಕ್ಕಳ ಮೇಲೆ ಸುಮ್ನೆ ಸಿಟ್ಟು ಬರುತ್ತದೆ, ಅಷ್ಟೇ ಹೇಳಿದರು. ಗಂಡ ಒಳಗೆ ಬಂದು ಕೂತ ಮೇಲೆ ವಿಷಯ ಹೊರಗೆ ಬಂತು. ಸೌದೆ ಕೊಟ್ಟಿಗೆಯಲ್ಲಿ ಬ್ರೆಡ್ಡಿನ ಖಾಲಿ ಕವರು, ಮಿಕ್ಸ್ಚರಿನ ಪ್ಯಾಕೆಟು ಅವರಿಗೆ ಸಿಕ್ಕಿದ್ದವು. "ಮನೆಯಲ್ಲಿ ತಿನ್ನಲಿಕ್ಕೆ ಎಂತದೂ ಕಮ್ಮಿ ಇಲ್ಲ ಮೇಡಂ, ಕದ್ದು ತಿನ್ನಬೇಕಾದ್ದು ಎಂತಕ್ಕೆ?" ಅಂತ ಕೇಳಿದರು. ಸಿಟ್ಟಿನಿಂದ ಕೇಳಿದ್ದಲ್ಲ, ನಿಜಕ್ಕೂ ಅವರಿಗೆ ಅರ್ಥ ಆಗಿರಲಿಲ್ಲ. ಆದರೆ ಕದ್ದು ಅನ್ನುವ ಮಾತು ಬಿದ್ದದ್ದೇ ಅಕ್ಕ ಎದ್ದು ಹೊರಗೆ ಹೋದರು. ಆ ದಿನದ ಮಾತು ಅಲ್ಲಿಗೆ ಮುಗಿಯಿತು. ನಾನು ಇನ್ನು ಮುಂದೆ ಗಂಡಹೆಂಡಿರನ್ನು ಮೊದಲ ಭೇಟಿಯಲ್ಲಿ ಒಟ್ಟಿಗೆ ಕೂರಿಸಬಾರದು ಅಂತ ಬರೆದುಕೊಂಡೆ.

ಎರಡನೇ ಸಲ ಒಬ್ಬರೇ ಬಂದರು. ಹೇಳಿದರು.

ಮಧ್ಯಾಹ್ನ ಮೂರೂವರೆಗೆ ಶುರು. ಆಗ ಅತ್ತೆ ಮಲಗಿರುತ್ತಾರೆ, ಗಂಡ ತೋಟದಲ್ಲಿ, ಮಕ್ಕಳು ಬರುವುದು ನಾಲ್ಕೂವರೆಗೆ. ದಿನದಲ್ಲಿ ಅವರಿಗೆ ಸಿಗುವ ಒಂಟಿ ಗಂಟೆ ಅದೊಂದೇ. ಬೆಳಗ್ಗಿನ ಉಳಿದ ದೋಸೆ ಏಳೋ ಎಂಟೋ, ತಣ್ಣಗೇ. ಅದಾದ ಮೇಲೆ ಬ್ರೆಡ್ಡಿಗೆ ಸಕ್ಕರೆ. ಅದು ಮುಗಿದರೆ ಬೆಲ್ಲ, ತೆಂಗಿನ ತುರಿ. ಕೊನೆಗೆ ಮಕ್ಕಳಿಗೆಂದು ತಂದ ಮಿಕ್ಸ್ಚರು. ನಿಂತುಕೊಂಡೇ ತಿನ್ನುವುದು, ಬಾಗಿಲಿಗೆ ಬೆನ್ನು ಹಾಕಿ. "ರುಚಿ ಗೊತ್ತಾಗುದಿಲ್ಲ. ನಿಲ್ಲಿಸ್ಬೇಕು ಅಂತ ಗೊತ್ತಾಗ್ತದೆ, ಕೈ ನಿಲ್ಲುದಿಲ್ಲ. ಒಂದು ನಮೂನೆ ಮರುಳು ಹಿಡಿದ ಹಾಗೆ" ಅಂದರು. ಹೊಟ್ಟೆ ಬಿರಿಯುವಷ್ಟಾದ ಮೇಲೆ ಕೈ ತೊಳೆದು ಸ್ವಲ್ಪ ಹೊತ್ತು ಅಲ್ಲೇ ನೆಲದಲ್ಲಿ ಕೂರುತ್ತಾರೆ. ವಾರಕ್ಕೆ ನಾಲ್ಕು ಸಲ, ಕೆಲವು ವಾರ ಐದು. ಮೂರು ವರ್ಷದಿಂದ. ಯಾರಿಗೂ ಹೇಳಿರಲಿಲ್ಲ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ನಮ್ಮಲ್ಲಿ ಮದುವೆ, ಪೂಜೆಯಂಥ ಜಂಬಾರದ ಮನೆಯಲ್ಲಿ ಹೋಳಿಗೆ ಜಾಸ್ತಿ ತಿಂದು ಸಂಜೆಯವರೆಗೆ ಒದ್ದಾಡದವರು ಯಾರಿದ್ದಾರೆ? ಅದು ಕಾಯಿಲೆ ಅಲ್ಲ. ಸ್ವಲ್ಪ ಹೊತ್ತಿನೊಳಗೆ ಬೇರೆಯವರು ತಿನ್ನುವುದಕ್ಕಿಂತ ತುಂಬ ಹೆಚ್ಚು ತಿನ್ನುವುದು, ತಿನ್ನುವಾಗ ಹಿಡಿತ ತಪ್ಪಿದೆ ಅನ್ನಿಸುವುದು, ಇವೆರಡೂ ಸೇರಿದರೆ ಬಿಂಜ್ ಅನ್ನುತ್ತಾರೆ. ಹಸಿವಿಲ್ಲದೆ, ಗಬಗಬ ಅಂತ, ನಾಚಿಕೆಯಿಂದ ಒಬ್ಬರೇ ತಿನ್ನುವುದು, ಆಮೇಲೆ ತಮ್ಮ ಮೇಲೇ ಹೇಸಿಗೆಪಡುವುದು ಇದರ ಜೊತೆಗೆ ಬರುತ್ತದೆ. ಅದು ವಾರಕ್ಕೆ ಒಂದು ಸಲವಾದರೂ ಆಗುತ್ತಾ ಮೂರು ತಿಂಗಳು ನಡೆದರೆ ಬಿಂಜ್ ಈಟಿಂಗ್ ಡಿಸಾರ್ಡರ್ ಅಂತ ಕರೆಯುತ್ತಾರೆ. ಆಲ್ಬರ್ಟ್ ಸ್ಟಂಕರ್ಡ್ ಅನ್ನುವ ಅಮೆರಿಕದ ಮನೋವೈದ್ಯರು 1959ರಲ್ಲೇ ಇದರ ಬಗ್ಗೆ ಬರೆದಿದ್ದರು. ಆದರೂ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ ಇದನ್ನು ಸ್ವಂತ ಹೆಸರಿನ ಕಾಯಿಲೆ ಅಂತ ಒಪ್ಪಿದ್ದು 2013ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಪಟ್ಟಿಯಲ್ಲೂ ಇದೆ. ಅಷ್ಟು ತಡವಾಗಿ ಹೆಸರು ಸಿಕ್ಕಿದ ಕಾಯಿಲೆ ನಮ್ಮ ಊರಿಗೆ ಬರುವಾಗ ಹೊಟ್ಟೆಬಾಕತನ ಅನ್ನುವ ಹಳೆಯ ಹೆಸರಿನಲ್ಲೇ ಇರುತ್ತದೆ. ಅಕ್ಕನೂ ತಮ್ಮನ್ನು ಹಾಗೇ ಕರೆದುಕೊಂಡಿದ್ದರು.

ಮನೋವೈದ್ಯರಿಗೆ ಒಂದು ಅನುಮಾನ ಇತ್ತು. ಅಕ್ಕ ಸೋಮವಾರ ಒಪ್ಪತ್ತು ಮಾಡುತ್ತಿದ್ದರು. ಏಕಾದಶಿ ಸರಿ, ಆಮೇಲೆ ಶನಿವಾರವೂ ಸೇರಿತ್ತು. ತಿಂದದ್ದನ್ನು ಸರಿಮಾಡಲೆಂದೇ ಪದೇಪದೇ ಉಪವಾಸ ಮಾಡಿದರೆ, ವಾಂತಿ ಮಾಡಿಕೊಂಡರೆ, ಅದು ಬುಲಿಮಿಯಾ ಅನ್ನುವ ಬೇರೆ ಕಾಯಿಲೆ ಆಗಬಹುದು. ವಾಂತಿ ಇರಲಿಲ್ಲ. ಶನಿವಾರದ ಒಪ್ಪತ್ತು ದೇವರಿಗಾ, ತಿಂದದ್ದಕ್ಕಾ ಅಂತ ಕೇಳಿದಾಗ ಅಕ್ಕ ತುಂಬ ಹೊತ್ತು ಯೋಚಿಸಿ, "ಎರಡಕ್ಕೂ" ಅಂದರು. ಆದರೆ ಒಪ್ಪತ್ತಿನ ದಿನವೂ ಒಂದು ಊಟ, ಚಾ, ಹಣ್ಣು ಇರುತ್ತಿತ್ತು, ಎಷ್ಟೋ ಶನಿವಾರ ಬಿಟ್ಟೂ ಹೋಗುತ್ತಿತ್ತು. ಹಾಗಾಗಿ ಬಿಂಜ್ ಈಟಿಂಗ್ ಡಿಸಾರ್ಡರ್, ಮಧ್ಯಮ ಮಟ್ಟದ್ದು, ಜೊತೆಗೆ ಖಿನ್ನತೆ ಅಂತ ತೀರ್ಮಾನವಾಯಿತು. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಅನ್ನುವ ಪ್ರಶ್ನಾವಳಿಯಲ್ಲಿ 27ಕ್ಕೆ 16 ಬಂದಿತ್ತು, ಕಡಿಮೆಯಲ್ಲ. ಬೆಳಿಗ್ಗೆ ಎದ್ದೇಳದಿದ್ದರೆ ಒಳ್ಳೆಯದಿತ್ತು ಅಂತ ಕೆಲವು ಸಲ ಅನ್ನಿಸಿದೆ ಅಂದರು. ಸಾಯುವ ಯೋಚನೆ, ದಾರಿ ಹುಡುಕಿದ್ದು ಇತ್ತಾ ಅಂತ ನೇರವಾಗಿ ಕೇಳಿದೆ. ಇರಲಿಲ್ಲ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವರ ಫೋನಿನಲ್ಲಿ ಹಾಕಿಕೊಟ್ಟೆ. ದಿನದ 24 ಗಂಟೆಯೂ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಗಡಿಯ ಈ ಕಡೆ ಇರುವ ನಮಗೆ ಅದು ಸಣ್ಣ ವಿಷಯ ಅಲ್ಲ.

ಯಾಕೆ ಅಂದರೆ, ಅಕ್ಕ ಒಂದು ವರ್ಷದ ಹಿಂದೆಯೇ ಬೇರೊಂದು ಕಡೆ ನಿದ್ದೆ ಇಲ್ಲ ಅಂತ ತೋರಿಸಿದ್ದರು. ಅಲ್ಲಿನ ಡಾಕ್ಟರು ಮಲಯಾಳದವರು, ಒಳ್ಳೆಯವರೇ. "ವಿಷಮಂ ಉಂಡೋ?" ಅಂತ ಕೇಳಿದ್ದಾರೆ. ಮಲಯಾಳದಲ್ಲಿ ಅದರ ಅರ್ಥ ಬೇಜಾರು ಉಂಟಾ ಅಂತ. ಅಕ್ಕನಿಗೆ ಅಂಗಡಿಯಲ್ಲಿ, ಬಸ್ಸಿನಲ್ಲಿ ಬೇಕಾಗುವಷ್ಟು ಮಲಯಾಳ ಬರುತ್ತದೆ, ಮನೆಯಲ್ಲಿ ಸುತ್ತಮುತ್ತ ಎಲ್ಲ ಕನ್ನಡ, ತುಳು. ವಿಷಮ ಅಂದ ಕೂಡಲೇ ಪರಿಸ್ಥಿತಿ ವಿಷಮಿಸಿದೆಯಾ ಅಂತ ಕೇಳಿದ್ದು ಅಂದುಕೊಂಡರು. ಇಲ್ಲ ಅಂದರು. ನಿದ್ದೆ ಮಾತ್ರೆ ಬರೆದುಕೊಟ್ಟರು, ಮುಗಿಯಿತು. ಸಪ್ತಭಾಷೆಯ ನಾಡು ಅಂತ ನಾವು ಪ್ರೀತಿಯಿಂದ ಹೇಳಿಕೊಳ್ಳುತ್ತೇವೆ. ಆದರೆ ಒಳಗಿನ ನೋವು ಹೇಳಲಿಕ್ಕೆ ಮನುಷ್ಯರಿಗೆ ಒಂದೇ ಭಾಷೆ ಇರುವುದು, ಅದನ್ನು ಆಸ್ಪತ್ರೆಗಳು ಕೇಳಿಸಿಕೊಳ್ಳಬೇಕು ಅಂತ ನಾನು ಎಷ್ಟು ಸಲವಾದರೂ ಹೇಳುತ್ತೇನೆ.

ಇನ್ನು ನನ್ನ ತಪ್ಪಿನ ವಿಷಯ. ಮೊದಲ ಐದು ವಾರ ನಾನೂ ಶುಗರಿನ ಚೀಟಿಗೇ ಹೆದರಿದೆ. ಊಟದ ಪಟ್ಟಿ ಮಾಡಿಕೊಟ್ಟೆ. ಅನ್ನ ಅರ್ಧ, ರಾತ್ರಿ ಎರಡು ಚಪಾತಿ, ಬೆಲ್ಲ ಬೇಡ, ಬೇಕರಿ ಬೇಡ. ಅಕ್ಕ ಶಿಸ್ತಿನವರು, ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ವಾರಕ್ಕೆ ನಾಲ್ಕೈದು ಸಲ ಇದ್ದದ್ದು ಆರೇಳು ಸಲ ಆಯಿತು. ಜೊತೆಗೆ ಪಟ್ಟಿ ಮುರಿದ ಅಪರಾಧ ಬೇರೆ. ಐದನೇ ವಾರ ಅವರು ಬರಲಿಲ್ಲ. ಫೋನ್ ಮಾಡಿದರೆ, "ನಿಮ್ಮ ಮುಖ ನೋಡ್ಲಿಕ್ಕೆ ಆಗುದಿಲ್ಲ" ಅಂದರು. ಬಾಯಿ ಕಟ್ಟಿ ಅಂದ ಡಾಕ್ಟರಿಗೂ ನನಗೂ ಏನು ವ್ಯತ್ಯಾಸ ಉಳಿಯಿತು? ನಾನು ಕ್ಷಮೆ ಕೇಳಿದೆ, ಪಟ್ಟಿಯನ್ನು ಹರಿದು ಹಾಕಿ ಅಂದೆ. ಆವತ್ತಿನಿಂದ ನಿಜವಾದ ಕೆಲಸ ಶುರುವಾಯಿತು.

ಪಟ್ಟಿಯ ಬದಲು ಒಂದು ನೋಟ್‌ಬುಕ್. ತಿಂದದ್ದು ಎಷ್ಟು ಗಂಟೆಗೆ, ಏನು, ಎಲ್ಲಿ, ಹಸಿವಿತ್ತಾ. ಕೊನೆಯ ಕಾಲಂ: ಅದಕ್ಕೆ ಮೊದಲು ಯಾರ ಹತ್ತಿರ ಏನು ಮಾತಾಯಿತು. ಕ್ಯಾಲೊರಿ ಬರೆಯುವುದು ಬೇಡ, ತೂಕ ನೋಡುವುದು ವಾರಕ್ಕೆ ಒಂದೇ ಸಲ. ಎರಡು ವಾರದ ನೋಟ್‌ಬುಕ್ಕಿನಲ್ಲಿ 11 ಸಲ ಬಿಂಜ್ ಆಗಿತ್ತು. ನಾವು ಇಬ್ಬರೂ ಕೂತು ಕೊನೆಯ ಕಾಲಂ ಮಾತ್ರ ಓದುತ್ತಾ ಹೋದೆವು. ಅತ್ತಿಗೆಯ ಫೋನು. ಅತ್ತಿಗೆಯ ಫೋನು. ಇವರು ಊಟ ಮಾಡಿ ಮಾತಿಲ್ಲದೆ ಎದ್ದು ಹೋದರು. ಅತ್ತಿಗೆಯ ಫೋನು. ಮಗಳು "ನಿನಗೆ ಮಲಯಾಳ ಬರಲ್ಲ, ಪಿಟಿಎ ಮೀಟಿಂಗಿಗೆ ಅಪ್ಪ ಬರಲಿ" ಅಂದಳು. ಹೀಗೆ 8 ಸಲ ಯಾರದ್ದೋ ಮಾತೋ ಮೌನವೋ ಇತ್ತು. ಎರಡು ಸಲ ಮಾತೇನೂ ಇಲ್ಲ, ಬೆಳಗ್ಗಿನಿಂದ ಏನೂ ತಿಂದಿರಲಿಲ್ಲ ಅಷ್ಟೇ. ಒಂದು ಸಲ ಏನೂ ಕಾರಣ ಕಾಣಲಿಲ್ಲ, ಅದನ್ನು ಹಾಗೇ ಬಿಟ್ಟೆವು.

ಅತ್ತಿಗೆ ಅಂದರೆ ಗಂಡನ ಅಕ್ಕ, ಮಂಗಳೂರಿನಲ್ಲಿ ಇರುವವರು. ದಿನಾ ಮೂರು ಗಂಟೆಗೆ ಫೋನ್ ಮಾಡುತ್ತಾರೆ. "ಅಮ್ಮನಿಗೆ ಊಟ ಕೊಟ್ಟಾಯ್ತಾ? ಮದ್ದು? ಮಗ್ಗುಲು ತಿರುಗಿಸಿದ್ದೀಯಾ?" ಅಕ್ಕ ಎಲ್ಲದಕ್ಕೂ ಆಯ್ತು, ಆಯ್ತು ಅನ್ನುತ್ತಾರೆ. ಇದರಲ್ಲಿ ಬೈಗುಳ ಒಂದೂ ಇಲ್ಲ. ಅಮ್ಮನ ಮೇಲೆ ಮಗಳಿಗೆ ಕಾಳಜಿ ಇರಬಾರದಾ? ಅದನ್ನೇ ಅಕ್ಕನೂ ಹೇಳುತ್ತಿದ್ದರು. "ಅವರು ತಪ್ಪು ಎಂತ ಕೇಳಿದ್ದು? ನಂಗೆ ಮಾತ್ರ ಯಾಕೆ ಹೀಗೆ ಉರಿಯುದು?" ನಾನು ಕೇಳಿದೆ, ಆ ಹೊತ್ತಿಗೆ ನಿಮ್ಮ ಊಟ ಆಗಿರುತ್ತದಾ ಅಂತ. ಆಗಿರುವುದಿಲ್ಲ. ಬೆಳಿಗ್ಗೆ ಒಂದು ಲೋಟ ಚಾ, ಮಧ್ಯಾಹ್ನ ಎಲ್ಲರಿಗೂ ಬಡಿಸಿ, ಅತ್ತೆಗೆ ತಿನ್ನಿಸಿ, ಪಾತ್ರೆ ತೊಳೆದು, ತೂಕ ಇಳಿಯಲಿ ಅಂತ ತಾವು ಉಣ್ಣದೆ ಮುಂದೆ ಹಾಕುತ್ತಿದ್ದರು. ಹದಿನಾಲ್ಕು ವರ್ಷದಲ್ಲಿ ಆ ಮನೆಯಲ್ಲಿ "ನೀನು ಉಂಡೆಯಾ" ಅಂತ ಕೇಳಿದವರು ಯಾರು ಅಂತ ಕೇಳಿದೆ. ಅಕ್ಕ ಉತ್ತರ ಕೊಡಲಿಲ್ಲ. ಅಳಲಿಕ್ಕೆ ಶುರುಮಾಡಿದರು. ಆಮೇಲೆ ಹೇಳಿದರು, "ಅಮ್ಮ ಕೇಳ್ತಿದ್ದರು. ದಿನಾ ಫೋನಿನಲ್ಲಿ. ಮೂರೂವರೆಗೆ."

ಆ ಗಂಟೆಯ ಅರ್ಥ ನಮ್ಮಿಬ್ಬರಿಗೂ ಗೊತ್ತಾದದ್ದು ಆವತ್ತೇ.

ಅಮ್ಮ ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ. ಆ ದಿನಗಳು ಇಲ್ಲಿನವರಿಗೆ ನೆನಪಿರುತ್ತದೆ. ಲಾಕ್‌ಡೌನ್ ಆದ ಕೂಡಲೇ ಕರ್ನಾಟಕದವರು ತಲಪಾಡಿಯಿಂದ ಹಿಡಿದು ಒಳರಸ್ತೆಗಳವರೆಗೆ ಗಡಿ ಮುಚ್ಚಿದ್ದರು, ಎಷ್ಟೋ ಕಡೆ ರಸ್ತೆಗೆ ಮಣ್ಣನ್ನೇ ಸುರಿದಿದ್ದರು. ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾದ ರೋಗಿಗಳೇ ಈ ಕಡೆ ಸಿಕ್ಕಿಬಿದ್ದರು, ವಿಷಯ ಕೋರ್ಟಿಗೆ ಹೋಯಿತು. ತವರು ಮನೆ ಒಂದು ಗಂಟೆಯ ದಾರಿ. ಪೆರ್ಲ ದಾಟಿದರೆ ಸಾರಡ್ಕ, ಅಲ್ಲಿಂದ ಅಡ್ಯನಡ್ಕ, ವಿಟ್ಲ. ಅಕ್ಕ ಹೋಗಲಾಗಲಿಲ್ಲ. ಅಮ್ಮನ ಕೊನೆಯ ಮುಖ ನೋಡಿದ್ದು ಮೊಬೈಲಿನಲ್ಲಿ, ತಮ್ಮ ಹಿಡಿದ ಕ್ಯಾಮೆರಾ ಅಲ್ಲಾಡುತ್ತಿತ್ತಂತೆ. ಉತ್ತರಕ್ರಿಯೆಗೂ ಆಗಲಿಲ್ಲ. ಹದಿಮೂರು ದಿನ ಕಳೆದ ಮೇಲೆ ಮನೆಯಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ, ಎತ್ತಿದರೆ ಬೇಜಾರಾಗುತ್ತದೆ ಅಂತ. ಮೊದಲ ಬಿಂಜ್ ಆದದ್ದು ಅದೇ ಮೇ ತಿಂಗಳಲ್ಲಿ. ಅಮ್ಮ ಹಿಂದಿನ ವರ್ಷ ಕಳಿಸಿದ ಹಲಸಿನ ಹಪ್ಪಳದ ಡಬ್ಬಿ ಅಟ್ಟದಲ್ಲಿತ್ತು. ಒಂದು ಮಧ್ಯಾಹ್ನ ಕೂತು ಇಡೀ ಡಬ್ಬಿ ಕಾಯಿಸಿ ತಿಂದರು. ಇನ್ನು ಅಮ್ಮನ ಕೈಯ ಹಪ್ಪಳ ಇಲ್ಲ ಅಂತ ಗೊತ್ತಿದ್ದೂ ಒಂದೂ ಉಳಿಸಲಿಲ್ಲ. ಅದನ್ನು ಹೇಳುವಾಗ ಅವರ ದನಿಯಲ್ಲಿ ಇದ್ದದ್ದು ಅಮ್ಮ ಹೋದ ದುಃಖಕ್ಕಿಂತ ಜಾಸ್ತಿ, ಆ ಡಬ್ಬಿ ಖಾಲಿ ಮಾಡಿದ ಅಪರಾಧ.

ಮನಸ್ಸು ಕೆಟ್ಟಾಗ ಯಾಕೆ ಕೈ ಊಟಕ್ಕೇ ಹೋಗುತ್ತದೆ? ದಿನಕ್ಕೆ ಹಲವು ಸಲ ಜನರಿಂದ ಆಗಿನ ಮನಸ್ಥಿತಿ ಬರೆಸಿಕೊಂಡು ಮಾಡಿದ ಅಧ್ಯಯನಗಳು ಇವೆ. ಬಿಂಜ್‌ಗೆ ಮೊದಲಿನ ಗಂಟೆಗಳಲ್ಲಿ ಬೇಜಾರು, ಕಿರಿಕಿರಿ ಏರಿರುವುದು ಅವುಗಳಲ್ಲಿ ಕಾಣುತ್ತದೆ. ತಿಂದ ಮೇಲೆ ಮನಸ್ಸು ಹಗುರ ಆಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ಆಮೇಲೆ ಬರೆದದ್ದು ನೋಡಿದರೆ ಬೇಜಾರು ಇನ್ನೂ ಹೆಚ್ಚಿರುತ್ತದೆ. ಹಾಗಾದರೆ ಸಿಗುವುದೇನು? ಹೆದರ್‌ಟನ್ ಮತ್ತು ಬೌಮೈಸ್ಟರ್ ಎಂಬ ಇಬ್ಬರು ಮನೋವಿಜ್ಞಾನಿಗಳು 1991ರಲ್ಲಿ ಹೇಳಿದ ಮಾತು ನನಗೆ ಸರಿ ಅನ್ನಿಸುತ್ತದೆ. ತನ್ನ ಬಗ್ಗೆ ತನಗೇ ಇರುವ ಯೋಚನೆ ಸಹಿಸಲಾಗದಷ್ಟಾದಾಗ, ಮನಸ್ಸು ಅದರಿಂದ ತಪ್ಪಿಸಿಕೊಂಡು ಕೈ, ಬಾಯಿ, ಅಗಿಯುವುದು ಇಷ್ಟಕ್ಕೇ ಬಂದು ನಿಲ್ಲುತ್ತದೆ ಅಂತ. ಅಕ್ಕ ಇದನ್ನು ಎಲ್ಲೂ ಓದಿದವರಲ್ಲ. ಅವರದೇ ಮಾತು ಇದು: "ಆಗ ತಲೆಯೊಳಗೆ ಯಾರೂ ಮಾತಾಡುದಿಲ್ಲ. ಅಷ್ಟು ಹೊತ್ತು ಒಂದು ಸುಖ."

ಇದು ಒಂದೇ ಕಡೆಗೆ ಹರಿಯುವುದೂ ಅಲ್ಲ. ತಿಂದ ಮೇಲೆ ನಾಚಿಕೆ. ನಾಚಿಕೆಯಿಂದ ರಾತ್ರಿ ಗಂಡನ ಹತ್ತಿರ ಮಾತಿಲ್ಲ, ಮೈ ಮುಟ್ಟಿದರೆ ಸರಿದು ಮಲಗುವುದು. ಅವರು ಅದನ್ನು ಕೋಪ ಅಂತ ತಿಳಿದು ತಾವೂ ದೂರ ಇರುವುದು, ಬೆಳಿಗ್ಗೆ ಉಂಡೆದ್ದು ತೋಟಕ್ಕೆ ಹೋಗುವುದು, ಅದನ್ನು ನೋಡಿ ಅಕ್ಕ ನಾನು ದಪ್ಪ ಆದದ್ದಕ್ಕೇ ಹೀಗೆ ಅಂದುಕೊಳ್ಳುವುದು, ಅಂದುಕೊಂಡದ್ದಕ್ಕೆ ಬೆಳಗ್ಗಿನ ತಿಂಡಿ ಬಿಡುವುದು, ಬಿಟ್ಟದ್ದಕ್ಕೆ ಮೂರೂವರೆಗೆ ಹೊಟ್ಟೆಯೂ ಮನಸ್ಸೂ ಒಟ್ಟಿಗೆ ಖಾಲಿ ಆಗಿರುವುದು. ಎಲ್ಲಿ ಶುರು, ಎಲ್ಲಿ ಕೊನೆ ಅಂತ ಹೇಳಲಾಗುವುದಿಲ್ಲ.

ಹಾಗಾಗಿ ಎರಡು ಕಡೆಯಿಂದ ಹಿಡಿದೆವು. ಒಂದು ಊಟದ ಕಡೆಯಿಂದ. ದಿನಕ್ಕೆ ಮೂರು ಊಟ, ನಡುವೆ ಎರಡು ಸಲ ಏನಾದರೂ, ಯಾವ ಎರಡರ ನಡುವೆಯೂ ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಬೇಡ. ಕ್ರಿಸ್ಟೋಫರ್ ಫೇರ್‌ಬರ್ನ್ ಎಂಬ ಆಕ್ಸ್‌ಫರ್ಡಿನ ಮನೋವೈದ್ಯರು ರೂಪಿಸಿದ ಚಿಕಿತ್ಸೆಯ ಮೊದಲ ಮೆಟ್ಟಿಲು ಇದು. ಕೇಳಲಿಕ್ಕೆ ಸುಲಭ. ತಿಂದು ತಿಂದು ದಪ್ಪ ಆದೆ ಅಂತ ನಂಬಿದವರಿಗೆ ಬೆಳಿಗ್ಗೆ ಮೂರು ದೋಸೆ ತಿನ್ನಿ ಅಂತ ಹೇಳುವುದು ಎಷ್ಟು ಕಷ್ಟ! ಅವರಿಗೆ ಅಮೆರಿಕದ ಮಿನೆಸೋಟಾದಲ್ಲಿ ಆದ ಒಂದು ಪ್ರಯೋಗದ ಕಥೆ ಹೇಳಿದೆ. 1944–45ರ ಯುದ್ಧದ ಕಾಲ. ಆನ್ಸೆಲ್ ಕೀಸ್ ಅನ್ನುವವರು 36 ಜನ ಆರೋಗ್ಯವಂತ ಗಂಡಸರನ್ನು 24 ವಾರ ಅರೆಹೊಟ್ಟೆಯಲ್ಲಿ ಇಟ್ಟು ನೋಡಿದರು. ಅವರು ಹಗಲಿಡೀ ಊಟದ್ದೇ ಯೋಚನೆ ಮಾಡತೊಡಗಿದರು, ಅಡುಗೆ ಪುಸ್ತಕ ಓದತೊಡಗಿದರು, ಆಮೇಲೆ ಬೇಕಾದಷ್ಟು ಊಟ ಕೊಟ್ಟ ಮೇಲೂ ಕೆಲವರಿಗೆ ತಿನ್ನುವುದನ್ನು ನಿಲ್ಲಿಸಲಾಗಲಿಲ್ಲ. ಅಕ್ಕ ಕೇಳಿದರು, "ಗಂಡಸರಾ?" ಹೌದು ಅಂದೆ. ಸ್ವಲ್ಪ ಬಿಟ್ಟು ಮತ್ತೆ ಕೇಳಿದರು, "ಎಲ್ಲರೂ ಗಂಡಸರೇ ಅಲ್ವಾ?" ಇದು ತನ್ನೊಬ್ಬಳ ಚಪಲ ಅಲ್ಲ, ಹಸಿದ ಮೈಯ ಗುಣ ಅಂತ ಅವರಿಗೆ ಹೊಳೆದದ್ದು ಆ ಎರಡನೇ ಸಲ ಕೇಳುವಾಗ ಅಂತ ನನಗೆ ಅನ್ನಿಸಿತು. ಸೋಮವಾರ, ಶನಿವಾರದ ಒಪ್ಪತ್ತು ಬಿಟ್ಟರು. ಏಕಾದಶಿ ಬಿಡಲು ಮನಸ್ಸಿರಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ, ಆ ದಿನ ಅವಲಕ್ಕಿ, ಹಣ್ಣು ಹೊತ್ತುಹೊತ್ತಿಗೆ ತಿನ್ನುವುದು ಅಂತ ಮಾಡಿಕೊಂಡೆವು.

ಇನ್ನೊಂದು ಕಡೆ, ಮನುಷ್ಯರದ್ದು. ಐಪಿಟಿ (ಇಂಟರ್‌ಪರ್ಸನಲ್ ಸೈಕೋಥೆರಪಿ) ಅನ್ನುವ ಚಿಕಿತ್ಸೆ ಇದೆ, ಜೆರಾಲ್ಡ್ ಕ್ಲೆರ್ಮನ್ ಮತ್ತು ಮಿರ್ನಾ ವೈಸ್ಮನ್ 1970ರ ದಶಕದಲ್ಲಿ ಖಿನ್ನತೆಗೆಂದು ಮಾಡಿದ್ದು. ಆಮೇಲೆ ಅದನ್ನು ಬಿಂಜ್‌ಗೂ ಹೊಂದಿಸಿದರು. ಅದು ಊಟದ ಬಗ್ಗೆ ಹೆಚ್ಚು ಮಾತಾಡುವುದೇ ಇಲ್ಲ. ನೀವು ಕಳೆದುಕೊಂಡವರು ಯಾರು, ಯಾರ ಜೊತೆ ತಿಕ್ಕಾಟ ಇದೆ, ಬದುಕಿನಲ್ಲಿ ನಿಮ್ಮ ಪಾತ್ರ ಯಾವಾಗ ಬದಲಾಯಿತು, ಹತ್ತಿರದವರು ಅಂತ ಯಾರೂ ಇಲ್ಲವಾ, ಈ ನಾಲ್ಕರಲ್ಲಿ ಒಂದನ್ನೋ ಎರಡನ್ನೋ ಹಿಡಿದು ಕೆಲಸ ಮಾಡುತ್ತದೆ. 2010ರಲ್ಲಿ ಪ್ರಕಟವಾದ, 205 ಜನರ ಮೇಲೆ ಮಾಡಿದ ಒಂದು ಅಧ್ಯಯನದಲ್ಲಿ, ಎರಡು ವರ್ಷ ಕಳೆದ ಮೇಲೆ ನೋಡಿದಾಗ, ಬಿಂಜ್ ನಿಲ್ಲಿಸುವುದರಲ್ಲಿ ತೂಕ ಇಳಿಸುವ ಚಿಕಿತ್ಸೆಗಿಂತ ಇದು ಮೇಲಾಗಿತ್ತು. ಪುಸ್ತಕ ಕೈಗೆ ಕೊಟ್ಟು ಕೆಲವೇ ಭೇಟಿಗಳಲ್ಲಿ ಮಾಡುವ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸುವ ಚಿಕಿತ್ಸೆ) ಸ್ವಸಹಾಯವೂ ಹಾಗೆಯೇ ಮೇಲಾಗಿತ್ತು, ಅದನ್ನೂ ಹೇಳಬೇಕು. ನಾನು ಎರಡರಿಂದಲೂ ತೆಗೆದುಕೊಂಡೆ. ಖಿನ್ನತೆಗೆ ಮನೋವೈದ್ಯರು ಒಂದು ಮಾತ್ರೆಯನ್ನೂ ಶುರುಮಾಡಿದ್ದರು, ಹಾಗಾಗಿ ಯಾವುದು ಎಷ್ಟು ಕೆಲಸ ಮಾಡಿತು ಅಂತ ಬಿಡಿಸಿ ಹೇಳಲು ನನ್ನಿಂದ ಆಗುವುದಿಲ್ಲ.

ಅಕ್ಕ ಆರಿಸಿಕೊಂಡದ್ದು ಎರಡು: ಅಮ್ಮ, ಮತ್ತು ಮೂರು ಗಂಟೆಯ ಫೋನು. ಶಿಕ್ಷಕಿ ಕೆಲಸದ ವಿಷಯ ಈಗ ಬೇಡ ಅಂದರು.

ಫೋನಿನ ವಿಷಯಕ್ಕೆ ನಾವು ಒಂದು ವಾಕ್ಯ ಕಟ್ಟಲು ಮೂರು ಭೇಟಿ ಹಿಡಿಯಿತು. ಅಕ್ಕ ಮೊದಲು ಹೇಳಿದ್ದೆಲ್ಲ ಒಂದೋ ಜಗಳ, ಇಲ್ಲಾ ಕ್ಷಮೆ. ಕೊನೆಗೆ ಉಳಿದದ್ದು ಇಷ್ಟು: "ಅತ್ತಿಗೆ, ಅತ್ತೆಯ ಊಟ ಆಯಿತು. ನನ್ನದು ಇನ್ನೂ ಆಗಲಿಲ್ಲ. ಉಂಡು ನಾನೇ ಫೋನ್ ಮಾಡ್ತೇನೆ." ಮೇಜಿನ ಆಚೆ ನಾನು ಅತ್ತಿಗೆಯಾಗಿ ಕೂತೆ, ಅವರು ಹೇಳಿದರು. ಗಂಟಲು ಕಟ್ಟಿತು. ಮತ್ತೆ ಹೇಳಿದರು. ಹತ್ತು ಸಲವಾದರೂ ಹೇಳಿದ್ದೇವೆ. ನಿಜವಾಗಿ ಹೇಳಿದ್ದು ಅಕ್ಟೋಬರಿನಲ್ಲಿ ಒಂದು ಬುಧವಾರ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ, ಆಮೇಲೆ "ಇನ್ನೂ ಉಣ್ಣಲಿಲ್ಲವಾ? ಗಂಟೆ ಮೂರಾಯ್ತಲ್ಲ" ಅಂದರಂತೆ. ಅಷ್ಟೇ. ಅಕ್ಕ ಉಂಡು, ಕೈ ತೊಳೆದು, ನಾಲ್ಕು ಗಂಟೆಗೆ ತಾವೇ ಫೋನ್ ಮಾಡಿದರು. ಆ ದಿನ ಬಿಂಜ್ ಆಗಲಿಲ್ಲ. ಮರುದಿನ ಆಯಿತು.

ಗಂಡನನ್ನು ನಾಲ್ಕು ಸಲ ಕರೆದೆ. ಅವರು ಕೆಟ್ಟವರಲ್ಲ, ಮಾತು ಕಲಿಯದೆ ಬೆಳೆದವರು. "ಉಂಡೆಯಾ ಅಂತ ಕೇಳ್ಬೇಕಾ? ಮನೆಯಲ್ಲೇ ಇರುವವಳಲ್ವಾ, ಅನ್ನ ಮಾಡುವವಳೂ ಅವಳೇ" ಅಂದರು. ಅಕ್ಕ ನನ್ನ ಕಡೆ ತಿರುಗದೆ ಅವರಿಗೇ ಹೇಳಿದರು, "ಅದಕ್ಕೇ ಕೇಳ್ಬೇಕಾದ್ದು." ಬಿಂಜ್ ಅಂದರೇನು ಅಂತ ನಾನು ಅವರಿಗೆ ಕನ್ನಡದಲ್ಲಿ ಬರೆದುಕೊಟ್ಟೆ. ಎರಡು ವಿಷಯ ಕೇಳಿಕೊಂಡೆ. ಖಾಲಿ ಕವರು ಸಿಕ್ಕಿದರೆ ಎತ್ತಿ ಬಿಸಾಡಿ, ತೋರಿಸಿ ಕೇಳಬೇಡಿ. ಮಧ್ಯಾಹ್ನ ಸಾಧ್ಯವಾದ ದಿನ ಇಬ್ಬರೂ ಒಟ್ಟಿಗೆ ಕೂತು ಉಣ್ಣಿ, ಅವರು ಬಡಿಸುತ್ತಾ ನಿಲ್ಲುವುದು ಬೇಡ. ಮೊದಮೊದಲು ಇಬ್ಬರಿಗೂ ಏನು ಮಾತಾಡುವುದು ಅಂತ ಗೊತ್ತಾಗದೆ ಅಡಿಕೆ ಕೊಳೆರೋಗದ ಬಗ್ಗೆಯೇ ಮಾತಾಡಿದರಂತೆ. ಅದೂ ಆಗುತ್ತದೆ.

ಅಮ್ಮನ ವಿಷಯಕ್ಕೆ ಉಪಾಯ ಏನೂ ಮಾಡಲಿಲ್ಲ. ಅವರು ಹೇಳಿದರು, ನಾನು ಕೇಳಿದೆ. ಏಪ್ರಿಲ್ ತಿಂಗಳ ಆ ದಿನ ಗಂಟೆಗಂಟೆಗೆ ಏನಾಯಿತು, ಪೊಲೀಸರಿಗೆ ಯಾರು ಫೋನ್ ಮಾಡಿದರು, ಯಾವ ಸೀರೆ ಉಟ್ಟಿದ್ದರು. ಒಂದು ಭೇಟಿ ಪೂರ್ತಿ ಹಪ್ಪಳದ ಬಗ್ಗೆ. ಹಲಸಿನ ತೊಳೆ ಬೇಯಿಸುವುದು, ಗುದ್ದುವುದು, ಬಾಳೆ ಎಲೆಯಲ್ಲಿ ತಟ್ಟುವುದು, ಚಾಪೆಯಲ್ಲಿ ಒಣಗಿಸುವುದು, ಡಬ್ಬಿಯ ಮೇಲೆ ಅಮ್ಮ ತಾರೀಕು ಬರೆದ ಚೀಟಿ ಅಂಟಿಸುತ್ತಿದ್ದದ್ದು. ಆ ಚೀಟಿಯನ್ನು ಅಕ್ಕ ಇಟ್ಟುಕೊಂಡಿದ್ದಾರೆ. ಡಬ್ಬಿ ಖಾಲಿ ಮಾಡಿದವರು ಚೀಟಿ ಎಸೆದಿರಲಿಲ್ಲ.

ಒಂಬತ್ತು ತಿಂಗಳಲ್ಲಿ 22 ಭೇಟಿ. ನವೆಂಬರ್ ಹೊತ್ತಿಗೆ ವಾರಕ್ಕೆ ಎರಡು ಸಲಕ್ಕೆ ಇಳಿದಿತ್ತು. ಫೆಬ್ರವರಿಯಲ್ಲಿ ಅತ್ತಿಗೆ ಹತ್ತು ದಿನ ಬಂದು ಕೂತರು, ಆಸ್ತಿ ಪಾಲಿನ ಮಾತು ಎದ್ದಿತು, ಆ ಹತ್ತು ದಿನದಲ್ಲಿ ಆರು ಸಲ ಆಯಿತು. ಅಕ್ಕ ಈ ಸಲ ತಪ್ಪಿಸಿಕೊಳ್ಳದೆ ನೋಟ್‌ಬುಕ್ ಹಿಡಿದು ಬಂದರು. ನನಗೆ ಅದೇ ದೊಡ್ಡದು ಅನ್ನಿಸಿತು. ಮಾರ್ಚ್ ಕೊನೆಗೆ ತಿಂಗಳಿಗೆ ಒಂದು ಎರಡು ಸಲ. ಪಿಎಚ್‌ಕ್ಯೂ-9 ಅಂಕ 7. ಎಚ್‌ಬಿಎ1ಸಿ 5.9. ತೂಕ ಇಳಿದದ್ದು 3 ಕಿಲೋ ಮಾತ್ರ. ಗಂಡನಿಗೆ ಅದು ಸಾಕಾಗಲಿಲ್ಲ, ಅಕ್ಕನಿಗೂ ಒಳಗೊಳಗೆ ಸಾಕಾಗಲಿಲ್ಲ. ಬಿಂಜ್ ನಿಂತರೂ ತೂಕ ಹೆಚ್ಚು ಇಳಿಯದಿರುವುದು ಸಾಮಾನ್ಯ ಅಂತ ಮೊದಲೇ ಹೇಳಿದ್ದೆ. ಹೇಳಿದ್ದು ಕೇಳಿಸಿಕೊಳ್ಳುವುದು ಬೇರೆ, ಕನ್ನಡಿ ಮುಂದೆ ನಿಲ್ಲುವುದು ಬೇರೆ.

2024ರಲ್ಲಿ ಅಮ್ಮನ ತಿಥಿಗೆ ಗಂಡನ ಜೊತೆ ತವರಿಗೆ ಹೋದರು. ಸಾರಡ್ಕ ದಾಟುವಾಗ ಕಾರು ನಿಲ್ಲಿಸಲು ಹೇಳಿ ಸ್ವಲ್ಪ ಹೊತ್ತು ಇಳಿದು ನಿಂತರಂತೆ, ಅವರೂ ಇಳಿದು ಪಕ್ಕದಲ್ಲಿ ನಿಂತರಂತೆ. ತಿಥಿಯ ಊಟದಲ್ಲಿ ಐದು ವಡೆ, ನಾಲ್ಕು ಸುಟ್ಟವು (ಎಣ್ಣೆಯಲ್ಲಿ ಕರಿದ ಸಿಹಿ) ತಿಂದೆ ಅಂತ ಹೇಳಿದರು. ಬಿಂಜಾ ಅಂತ ನಾನು ಕೇಳುವ ಮೊದಲೇ "ಅಲ್ಲ, ರುಚಿ ಗೊತ್ತಾಯ್ತು" ಅಂದರು.

ಮೇ ತಿಂಗಳಲ್ಲಿ ಅಕ್ಕ ನಾಲ್ಕು ವರ್ಷದ ನಂತರ ಹಲಸಿನ ಹಪ್ಪಳ ಮಾಡಿದರು, ಮಗಳು ತಟ್ಟಲು ಕೂತಳು. ಅದನ್ನು ಅಟ್ಟಕ್ಕೆ ಹಾಕುವುದಾ, ಅಡುಗೆಮನೆಯಲ್ಲೇ ಇಡುವುದಾ ಅಂತ ನನಗೆ ಫೋನ್ ಮಾಡಿ ಕೇಳಿದರು. ನಿಮಗೆ ಹೇಗೆ ಅನ್ನಿಸುತ್ತದೆ ಅಂದೆ. "ಅಡುಗೆಮನೆಯಲ್ಲೇ ಇಡ್ತೇನೆ, ಹೆದರಿಕೆ ಉಂಟು" ಅಂದರು. ಪಾಲಿನ ಮಾತು ಇನ್ನೂ ಮುಗಿದಿಲ್ಲ, ಆಗಸ್ಟಿನಲ್ಲಿ ಅತ್ತಿಗೆ ಮತ್ತೆ ಬರುತ್ತಾರೆ. ನಮ್ಮ ಮುಂದಿನ ಭೇಟಿಯನ್ನು ಅವರು ಬರುವ ಹಿಂದಿನ ವಾರಕ್ಕೆ ಇಟ್ಟುಕೊಂಡಿದ್ದೇವೆ.